ಬೊಗುಮಿಲಾ ಬಿಡದ ಜಗಳ

ಬೊಗುಮಿಲಾಳ ಶವಪೆಟ್ಟಿಗೆಯನ್ನು ಮನೆಯ ಹೊಸ್ತಿಲಿಗೆ ಮೂರನೇ ಸಲ ತಾಕಿಸಿ ಎತ್ತುವಷ್ಟರಲ್ಲಿ ಮೇಯರ್ ವ್ರೊನಾ ಗೇಟು ತಳ್ಳಿಕೊಂಡು ಒಳಗೆ ಬಂದ. ಬೆನ್ನಿಗೆ ಫೋಟೋದವನು.

"ದೋರೊತಾ ಅವರೇ, ಚೌಕದಲ್ಲಿ ಒಂದ್ನಿಮಿಷ ನಿಲ್ಸೋಣ. ನಿಮ್ಮಮ್ಮ ಅವರಣ್ಣನ ಪ್ರತಿಮೆಗೂ ವಿದಾಯ ಹೇಳ್ಲಿ. ಹೀಗೇ ಮೂರು ಸಲ ತಾಕ್ಸಿದ್ರಾಯ್ತು."

"ಬೇಡ."

"ಊರೋರೆಲ್ಲ ಕಾಯ್ತಿದಾರೆ."

"ಕಾಯ್ಲಿ. ತಾಕ್ಸೋದು ಯಾಕೆ, ಗೊತ್ತಿಲ್ವಾ? ಜಗಳ ಏನಿದ್ರೂ ಇಲ್ಲೇ ಬಿಟ್ಟು ಹೋಗ್ತೀನಿ ಅಂತ. ಆ ಪೀಠದ ಕಲ್ಲಿನ ಹತ್ರ ಅಮ್ಮ ಜಗಳ ಬಿಟ್ಟಿಲ್ಲ."

ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ಸ್ಟಾಖ್ ಗೊಣಗಿದ: "ಅಕ್ಕಾ, ಮಾತಾಡೋದಾದ್ರೆ ಇಳಿಸ್ತೀವಿ. ಇಲ್ದಿದ್ರೆ ನಡಿ. ಹೆಗಲು ಬಿದ್ದುಹೋಗ್ತಿದೆ."

* * *

ಬೊಗುಮಿಲಾ ಜೀವಮಾನವಿಡೀ ಬೇಕರಿಯಲ್ಲಿ ಹಿಟ್ಟು ನಾದಿದವಳು. ಜರ್ಮನರು ಪೋಲೆಂಡನ್ನು ಹಿಡಿದಿದ್ದಾಗ ಅವಳಣ್ಣ ಕ್ಸಾವೆರಿ ಭೂಗತ ಹೋರಾಟಗಾರರ ಸುದ್ದಿ ಒಯ್ಯುತ್ತಿದ್ದ. ಇದೇ ಚೌಕದಲ್ಲಿ ಯಹೂದಿಗಳನ್ನು ಲಾರಿಗೆ ತುಂಬಿದ್ದನ್ನು ಕಂಡ. ಲಾರಿ ಮರೆಯಾಗುವ ಮೊದಲೇ ನೆರೆಯವರು ಅವರ ಮನೆಗಳಿಂದ ಹಕ್ಕಿಗರಿ ತುಂಬಿದ ಹಾಸಿಗೆಗಳನ್ನು ಹೊತ್ತೊಯ್ದಿದ್ದನ್ನೂ ಕಂಡ. ಗಡಿ ದಾಟಿ ಹೋಗಿ ದೊಡ್ಡವರೆನಿಸಿಕೊಂಡವರಿಗೆಲ್ಲ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯುದ್ಧ ಮುಗಿದು ಊರಿಗೆ ಬಂದರೆ, ಆ ಹೋರಾಟಗಾರರನ್ನು ನಂಬದ ಹೊಸ ಕಮ್ಯುನಿಸ್ಟ್ ಸರ್ಕಾರ ಜೈಲಿಗೆ ಹಾಕಿತು. ಅಲ್ಲೇ ಸತ್ತ. ಬೇಕರಿಯಲ್ಲಿ ಬೊಗುಮಿಲಾಳ ಪಕ್ಕ ನಿಲ್ಲಲೂ ಜನ ಹೆದರುತ್ತಿದ್ದ ಕಾಲ ಅದು.

ಆ ಸರ್ಕಾರವೂ ಹೋಯಿತು. ಅದೇ ಊರು ಅವನನ್ನು ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿತು. ಅನಾವರಣದ ದಿನ ದೋರೊತಾಳ ತೋಳು ಹಿಡಿದುಕೊಂಡು ಬಂದ ಬೊಗುಮಿಲಾ ಫಲಕ ಓದಿದಳು: 'ತಾಯ್ನಾಡಿನ ವೀರಪುತ್ರ.'

"ಏನು ಕಂಡ ಅಂತ ಎಲ್ಲಿದೆ? ಯಹೂದಿಗಳು ಅಂತ ಎಲ್ಲಿದೆ?"

"ಜಾಗ ಸಾಲಲಿಲ್ಲ ಅಜ್ಜಿ," ಎಂದ ವ್ರೊನಾ.

"ನಿನ್ನ ಹೆಸರಿಗೆ ಸಾಲ್ತಲ್ಲೋ!"

ವ್ರೊನಾ ಕಣ್ಸನ್ನೆ ಮಾಡಿದ. ಬ್ಯಾಂಡಿನವರು ಅವಳ ಮಾತಿನ ಮೇಲೆ ತುತ್ತೂರಿ ಊದಿದರು.

ಅಂದಿನಿಂದ ಪ್ರತಿ ಭಾನುವಾರ ಇಗರ್ಜಿಯಿಂದ ಬರುವಾಗ ಅವಳು ಫಲಕದ ಕೆಳಗೆ ಸೀಮೆಸುಣ್ಣದಲ್ಲಿ 'ಯಹೂದಿಗಳು' ಎಂಬ ಒಂದು ಪದ ಬರೆಯುತ್ತಿದ್ದಳು. ಸೋಮವಾರ ಪುರಸಭೆಯವರು ತೊಳೆಯುತ್ತಿದ್ದರು. ಮುದುಕಿಗೆ ಅರಳುಮರುಳು ಎಂದು ಊರು ನಕ್ಕಿತು.

* * *

ಚೌಕದಲ್ಲಿ ಅದೇ ಬ್ಯಾಂಡು ಕಾದಿತ್ತು. ಮೇಯರ್ ಹೂಚಕ್ರ ಹಿಡಿದು ಪ್ರತಿಮೆಯ ಪೀಠದ ಬಳಿ ದಾರಿಗೆ ಅಡ್ಡ ನಿಂತು, ಸ್ಟಾಖ್‌ನ ಕಿವಿಯಲ್ಲಿ ಏನೋ ಅಂದ. ಹೊತ್ತವರು ಪೀಠದ ಮೆಟ್ಟಿಲ ಕಡೆಗೆ ಬಾಗಿದರು.

ದೋರೊತಾ ಮಂಡಿಯೂರಿ ಮೆಟ್ಟಿಲ ಮೇಲೆ ಬಲಗೈ ಇಟ್ಟಳು. ಓಕ್ ಮರದ ಪೆಟ್ಟಿಗೆ ಬೆರಳುಗಳ ಮೇಲೆ ಕೂತಿತು.

"ಅಯ್ಯಯ್ಯೋ, ಕೈ! ಕೈ ತೆಗಿಯಕ್ಕಾ!" ಸ್ಟಾಖ್ ಕೂಗಿದ.

"ನೀನು ಎತ್ತು."

"ಹುಚ್ಚಾ ನಿಂಗೆ? ಒಂದು ಸಲ ತಾಕ್ಸಿದ್ರೆ ಏನು ಗಂಟು ಹೋಗತ್ತೆ?"

"ಎತ್ತೋ ಸ್ಟಾಖ್. ಆ ಲಾರಿ ಹೋದ ದಿನ ನಿಮ್ಮಜ್ಜಿ ತಂದ ಹಾಸಿಗೆ ಇನ್ನೂ ಮನೇಲಿದ್ಯಾ ಅಂತ ಎಲ್ರ ಮುಂದೆ ಕೇಳ್ಲಾ?"

ಸ್ಟಾಖ್‌ನ ಕಿವಿ ಕೆಂಪಾಯಿತು. ಫೋಟೋದವನು ಕ್ಯಾಮೆರಾ ಇಳಿಸಿದ. ಗುಂಪಿನಲ್ಲಿ ಯಾರೂ ನಗಲಿಲ್ಲ. ಅಂಥ ಹಾಸಿಗೆ ಎಷ್ಟು ಮನೆಗಳಲ್ಲಿತ್ತೋ. ಪೆಟ್ಟಿಗೆ ಮೇಲೆದ್ದಿತು, ಕಲ್ಲಿಗೆ ತಾಕದೆ.

ಸ್ಮಶಾನದಲ್ಲಿ ಗುಂಡಿಯ ಬಳಿ ಪಾದ್ರಿ ಪ್ರಾರ್ಥನೆ ಮುಗಿಸಿ ದೋರೊತಾಳ ಕಡೆ ನೋಡಿದರು. ಮೇಯರ್ ಇನ್ನೂ ಹೂಚಕ್ರ ಹೊತ್ತು ನಿಂತಿದ್ದ; ಇಸಿದುಕೊಳ್ಳಲು ಯಾರೂ ಬರಲಿಲ್ಲ. ದೋರೊತಾ ಬಗ್ಗಿ ಮಣ್ಣಿಗೆ ಕೈ ಹಾಕಿದಳು. ಬಲಗೈ ಬೆರಳುಗಳು ಊದಿ ನೀಲಿಗಟ್ಟಿದ್ದವು, ಮಡಚಲು ಬರಲಿಲ್ಲ. ಎಡಗೈಯಿಂದ ಒಂದು ಹಿಡಿ ತೆಗೆದು ಅಮ್ಮನ ಮೇಲೆ ಹಾಕಿದಳು.