ಗಾಜಿನ ಮೇಲಿನ ಸಂಬಳ

ವರ್ಷಕ್ಕೊಮ್ಮೆ, ಲೆಕ್ಕಪರಿಶೋಧನೆ ಮುಗಿದ ಮರುದಿನ, ದೊಡ್ಡಕ್ಕ ಬೀದಿಗೆ ಮುಖ ಮಾಡಿದ ಕಚೇರಿಯ ಗಾಜನ್ನು ಸೋಪುನೀರಿನಲ್ಲಿ ತೊಳೆದು, ಹಳೇ ಪತ್ರಿಕೆಯಿಂದ ಒರೆಸಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಸಂಸ್ಥೆಯ ಜಮಾಖರ್ಚು ಬರೆಯುತ್ತಿದ್ದಳು. ಗಾಲಿಕುರ್ಚಿ, ಊರುಗೋಲುಗಳನ್ನು ದುರಸ್ತಿ ಮಾಡಿ, ಬೇಕಾದವರಿಗೆ ಪುಕ್ಕಟೆ ಎರವಲು ಕೊಡುವ ಸಂಸ್ಥೆ ಅದು. ಎದುರಿಗೇ ಬಸ್ ನಿಲ್ದಾಣ. ಬಸ್ಸಿಗೆ ಕಾಯುವವರು ನಿಂತಲ್ಲಿಂದಲೇ ಓದಲಿ ಎಂದು ಅಂಗೈಯಗಲದ ಅಕ್ಷರಗಳು. ಖರ್ಚಿನ ಮೊದಲ ಸಾಲು ಯಾವಾಗಲೂ ಅವಳದೇ: ‘ನಿರ್ದೇಶಕಿಯ ಸಂಬಳ, ತಿಂಗಳಿಗೆ ಎಂಟು ಸಾವಿರ.’ ಅಲ್ಲಿ ಬಂದು ನಿಲ್ಲುವ ಬಸ್ಸಿನ ಚಾಲಕನಿಗೆ ಅದರ ಮೂರು ಪಟ್ಟು ಸಿಗುತ್ತಿತ್ತು. ಹಾಗಾಗಿ ಆ ಸಾಲು ಬರೆಯುವಾಗ ಅವಳ ಕುಂಚ ತುಸು ಗತ್ತಿನಿಂದಲೇ ಓಡುತ್ತಿತ್ತು.

ಈ ವರ್ಷ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಬೇಕಿತ್ತು. ಮೊಣಕಾಲು ಕೈಕೊಟ್ಟಿದ್ದರಿಂದ ದೊಡ್ಡಕ್ಕ ಮುಂದಿನ ತಿಂಗಳು ಜಾಗ ಬಿಡುವವಳಿದ್ದಳು. ಅವಳ ಜಾಗಕ್ಕೆ ಆಸ್ಪತ್ರೆಯ ಫಿಸಿಯೋ ಬರಲು ಒಪ್ಪಿದ್ದಳು; ವಾರಕ್ಕೆರಡು ಮಧ್ಯಾಹ್ನ ಇಲ್ಲಿ ಕುರ್ಚಿಗಳ ಅಳತೆ ನೋಡಿಕೊಡುತ್ತಿದ್ದವಳು. ಸಂಬಳ ಇಪ್ಪತ್ತಾರು ಸಾವಿರ. ಸಮಿತಿ ಒಪ್ಪಿ ಸಹಿ ಹಾಕಿತ್ತು. ಆದರೆ ಗಾಜಿನ ಮಾತು ಬಂದಾಗ ಖಜಾಂಚಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

“ಅಕ್ಕಾ, ಅದನ್ನ ‘ಆಡಳಿತ ಮತ್ತು ಇತರೆ’ ಅಂತ ಒಂದೇ ಸಾಲಲ್ಲಿ ಸೇರಿಸಿಬಿಡೋಣ. ಸುಳ್ಳೇನಲ್ಲ, ಮೊತ್ತ ಸರಿಯಾಗೇ ಇರತ್ತೆ.”

“ಯಾಕೆ?”

“ಯಾಕೆ ಅಂದ್ರೆ? ಬಟ್ಟೆ ಅಂಗಡಿ ಯಜಮಾನ್ರು! ನಮ್ಮ ದೇಣಿಗೇಲಿ ಕಾಲು ಭಾಗ ಅವರದ್ದು. ಚೆಕ್ ಕೊಡುವಾಗೆಲ್ಲ ಏನಂತಾರೆ? ‘ತಿನ್ನದೇ ಇರೋರು ಒಬ್ಬರಾದ್ರೂ ಇದ್ದೀರಲ್ಲ ತಾಯಿ’ ಅಂತಾರೆ. ಇಪ್ಪತ್ತಾರು ನೋಡಿದ್ರೆ ಚೆಕ್ ಪುಸ್ತಕ ಜೇಬಿಂದ ಹೊರಗೇ ಬರಲ್ಲ.”

ಮೂಲೆಯಲ್ಲಿ ಗಾಲಿಕುರ್ಚಿಯೊಂದರ ಕಾಲಿಡುವ ಪಟ್ಟಿ ಬಿಗಿಮಾಡುತ್ತಿದ್ದ ಫಿಸಿಯೋ ಸ್ಪ್ಯಾನರ್ ಕೆಳಗಿಟ್ಟಳು.

“ಸಾರ್, ನಾನು ಗ್ರೀಸು, ಮೊಳೆ, ಟೀ ಖರ್ಚಿನ ಜೊತೆ ಒಂದೇ ಸಾಲಲ್ಲಿ ಕೂತ್ಕೊಳ್ಳಲ್ಲ. ಈಗ ಮುಚ್ಚಿಟ್ಟು ನಾಳೆ ಯಾರಾದ್ರೂ ಕೆದಕಿ ತೆಗೆದ್ರೆ ಕಳ್ಳಿ ಆಗೋದು ನಾನು, ನೀವಲ್ಲ. ಗಾಜಿನ ಮೇಲೆ ಬರೆದ್ರೆ ಬರ್ತೀನಿ. ಇಲ್ಲಾಂದ್ರೆ ಆಸ್ಪತ್ರೆ ಕೆಲಸ ಬಿಡಲ್ಲ.”

“ಎಂಟಕ್ಕೇ ಬರಬಹುದಿತ್ತಲ್ಲಮ್ಮ, ಅಕ್ಕನ ಹಾಗೆ,” ಎಂದರು ಖಜಾಂಚಿ, ಮೆಲ್ಲಗೆ.

“ನಮ್ಮನೇಲಿ ಇನ್ನೊಂದು ಸಂಪಾದನೆ ಇಲ್ಲ ಸಾರ್. ಇಬ್ಬರು ಮಕ್ಕಳು, ಒಬ್ಬಳು ಅಮ್ಮ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಬಿಡಿ ಅಂತ ಅವರಿಗೆ ಹೇಳಲಾ?”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಆದರೂ ದೊಡ್ಡಕ್ಕನಿಗೆ ಅದು ಎಲ್ಲೋ ಚುಚ್ಚಿತು.

ಸಂಜೆ ಮನೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ಗಂಡನಿಗೆ ಎಲ್ಲ ಹೇಳಿದಳು. ಅವನು ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದು ಕೂತವರ ಹತ್ತಿರ ಒಬ್ಬನೇ ಮಾತಾಡಿ ಅಭ್ಯಾಸ.

“ನಿನ್ನ ಸಂಬಳ ಎಂಟು ಸಾವಿರ ಅಂತ ಊರೆಲ್ಲ ಹೊಗಳ್ತಾರೆ. ನನ್ನನ್ನ ಒಬ್ಬರಾದ್ರೂ ಹೊಗಳಿದಾರಾ? ಇಷ್ಟು ವರ್ಷ ನಾನು ಕಿತ್ತ ಹಲ್ಲಲ್ಲಿ ಅರ್ಧ ನಿಮ್ಮ ಸಂಸ್ಥೆಗೇ ಕಿತ್ತಿದ್ದು ಕಣೇ!”

ಅವಳು ನಕ್ಕಳು. ನಗು ನಿಂತ ಮೇಲೂ ಅವನ ಮಾತು ಮನಸ್ಸಿನಲ್ಲಿ ಉಳಿದಿತ್ತು. ಈ ಕೆಲಸಕ್ಕೆ ಮೊದಲು ಅವಳು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿದ್ದವಳು. ತೂಗುವ ಮೊದಲು ತಕ್ಕಡಿ ಖಾಲಿಯಿರುವಾಗ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ ಎಂದು ಪ್ರತಿ ತಂಡಕ್ಕೂ ಗಂಟಲು ಹರಿದುಕೊಂಡಿದ್ದಳು. ಮುಳ್ಳು ಮೊದಲೇ ಒಂದು ಕಡೆ ವಾಲಿದ್ದರೆ ಎಷ್ಟು ಸಲ ತೂಗಿದರೂ ಅದೇ ತಪ್ಪು, ಅದೂ ಬಹಳ ಅಚ್ಚುಕಟ್ಟಾಗಿ, ಬರುತ್ತದೆ. ಗಾಜಿನ ಮೇಲಿನ ಎಂಟು ಸಾವಿರ ಅಂಥದ್ದು. ಅಂಕಿ ನಿಜ; ಆದರೆ ಆ ಕೆಲಸದ ಬೆಲೆ ಅದಲ್ಲ. ತನ್ನ ಮನೆಯ ಅಕ್ಕಿ, ಬಾಡಿಗೆ ಎಲ್ಲವನ್ನೂ ಬೇರೊಬ್ಬರ ದುಡಿಮೆ ಹೊತ್ತಿತ್ತು. ಅಂಥ ಗಂಡನಿಲ್ಲದ ಯಾರೂ ಈ ಕುರ್ಚಿಗೆ ಬರದಂತೆ ಬಾಗಿಲಿಗೆ ತಾನೇ ಅಗುಳಿ ಹಾಕಿದ್ದಳು, ಅದನ್ನು ಒಳ್ಳೆಯತನ ಎಂದುಕೊಂಡು.

“ಸರಿ, ನಿನ್ನನ್ನೂ ಬರೀತೀನಿ,” ಎಂದಳು.

“ಅಯ್ಯೋ, ತಮಾಷೆಗಂದೆ!”

“ನಾನು ತಮಾಷೆಗಂದಿಲ್ಲ.”

ಬೆಳಿಗ್ಗೆ ಸ್ಟೂಲಿನ ಮೇಲೆ ಕೂತೇ ಬರೆದಳು. ‘ನಿರ್ದೇಶಕಿಯ ಸಂಬಳ, ಕಳೆದ ವರ್ಷ: ತಿಂಗಳಿಗೆ ಎಂಟು ಸಾವಿರ. ಉಳಿದದ್ದನ್ನು ಮನೆಯವರು ಭರಿಸಿದರು. ಈ ವರ್ಷ: ಇಪ್ಪತ್ತಾರು ಸಾವಿರ. ಇದು ಈ ಕೆಲಸದ ಪೂರ್ತಿ ಬೆಲೆ.’ ಖಜಾಂಚಿ ತಲೆ ಮೇಲೆ ಕೈಹೊತ್ತು ಒಳಗೆ ಹೋದವರು ಕಿಟಕಿಯಿಂದ ಇಣುಕುತ್ತಲೇ ಇದ್ದರು.

ಬಣ್ಣ ಆರುವ ಮೊದಲೇ ಬಟ್ಟೆ ಅಂಗಡಿ ಯಜಮಾನರು ಬಂದರು. ಕನ್ನಡಕ ಏರಿಸಿ ಓದಿದರು, ಇಳಿಸಿ ಮತ್ತೆ ಓದಿದರು.

“ಏನು ತಾಯಿ ಇದು? ನಾನು ಕೊಡೋದು ಕುರ್ಚಿಗೆ, ಸಂಬಳಕ್ಕಲ್ಲ.”

“ಕುರ್ಚಿ ತಾನಾಗೇ ಮನೆ ಹುಡುಕ್ಕೊಂಡು ಹೋಗಿ ಅಳತೆ ತಗೊಳ್ಳಲ್ಲವಲ್ಲ ಯಜಮಾನ್ರೇ. ಅಳತೆ ತಪ್ಪಿದ್ರೆ ಬೆನ್ನಲ್ಲಿ ಹುಣ್ಣಾಗತ್ತೆ. ಅದನ್ನ ನೋಡೋಕೆ ಗೊತ್ತಿರೋರಿಗೆ ಇದು ಸಂಬಳ.”

“ಹಾಗಾದ್ರೆ ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?”

“ಅರ್ಧ ಲೆಕ್ಕ ತೋರಿಸಿದೆ. ಇವತ್ತು ಪೂರ್ತಿ ತೋರಿಸ್ತಿದೀನಿ.”

“‘ನಿಮ್ಮ ಅಂಗಡಿ ಮ್ಯಾನೇಜರಿಗೆ ಎಷ್ಟು ಕೊಡ್ತೀರಿ?’ ಅಂತ ಕೇಳಿ ನನ್ನ ಬಾಯಿ ಮುಚ್ಚಿಸ್ತೀರಿ ಅಂದ್ಕೊಂಡಿದ್ದೆ,” ಎಂದರು ಯಜಮಾನರು.

“ಅದು ನಿಮ್ಮ ದುಡ್ಡು, ನನಗ್ಯಾಕೆ? ಇದು ಊರಿನ ದುಡ್ಡು. ಅದಕ್ಕೇ ಗಾಜಿನ ಮೇಲಿದೆ.”

ಯಜಮಾನರು ಜೇಬು ಮುಟ್ಟಿ ನೋಡಿಕೊಂಡರು. “ಈ ಸಲ ಅರ್ಧ ಕೊಡ್ತೀನಿ. ಆರು ತಿಂಗಳು ನೋಡ್ತೀನಿ. ಎಷ್ಟು ಕುರ್ಚಿ ಹೋಯ್ತು, ಎಷ್ಟು ವಾಪಸ್ ಬಂತು, ಅದನ್ನೂ ಬರೀರಿ. ಓದಿ ಉಳಿದದ್ದರ ಬಗ್ಗೆ ಯೋಚಿಸ್ತೀನಿ.”

“ಬರೀತೀವಿ,” ಎಂದಿತು ಹಿಂದಿನಿಂದ ಒಂದು ದನಿ. ಫಿಸಿಯೋ ಬಾಗಿಲಲ್ಲಿ ನಿಂತಿದ್ದಳು. ಯಜಮಾನರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬರೆದ ಚೆಕ್ಕನ್ನು ದೊಡ್ಡಕ್ಕನ ಬದಲು ಅವಳ ಕೈಗೇ ಕೊಟ್ಟು ಹೊರಟರು.

ಅರ್ಧ ಎಂದರೆ ಅರ್ಧವೇ. ಹೊಸ ಟೈರುಗಳ ಖರೀದಿ ಮುಂದಕ್ಕೆ ಹೋಗುತ್ತದೆ ಎಂದು ಖಜಾಂಚಿ ಒಳಗಿನಿಂದಲೇ ಗೊಣಗಿದರು. ಹೋಗಲಿ, ಎಂದುಕೊಂಡಳು ದೊಡ್ಡಕ್ಕ. ತಗ್ಗಿದ್ದು ಎಷ್ಟು, ಯಾಕೆ ಎಂದು ಗೊತ್ತಿರುವ ಕೊರತೆಯನ್ನು ತುಂಬಬಹುದು.

ಅಷ್ಟರಲ್ಲಿ ನಿಲ್ದಾಣದಲ್ಲಿ ಗಾಲಿಕುರ್ಚಿಯ ಮೇಲೆ ಬಸ್ಸಿಗೆ ಕಾಯುತ್ತಿದ್ದ ಮುದುಕಿ ಗಾಜನ್ನು ಓದಿ ಮುಗಿಸಿ, ಬೀದಿಯ ಆಚೆಯಿಂದಲೇ ಕೂಗಿದಳು.

“ಏ ಹೊಸ ಮೇಡಮ್ಮಾ! ಇಪ್ಪತ್ತಾರು ಸಾವಿರ ತಗೋತೀಯಂತೆ, ನನ್ನ ಎಡಗಾಲಿ ಬ್ರೇಕು ಹಿಡಿಯಲ್ವಲ್ಲೇ! ಇಳಿಜಾರಲ್ಲಿ ನಿನ್ನ ಹೆಸರು ಹೇಳ್ಕೊಂಡು ಹೋಗ್ಲಾ?”

ಕಾಯುತ್ತಿದ್ದವರೆಲ್ಲ ನಕ್ಕರು. ಫಿಸಿಯೋ ನಗಲಿಲ್ಲ. ಚೆಕ್ಕನ್ನು ದೊಡ್ಡಕ್ಕನ ಮಡಿಲಿಗೆ ಹಾಕಿ, ಸ್ಪ್ಯಾನರ್ ಹಿಡಿದು, ಎರಡೂ ಕಡೆ ನೋಡಿ ಬೀದಿ ದಾಟಿದಳು.