ರೊಟ್ಟಿಯ ಬಟ್ಟೆ

ಹಗ್ಗ ಮೂರು ಸಲ ಜಗ್ಗಿತು. ಗುಂಡಿಯ ಬಾಯಲ್ಲಿ ರಾಟೆ ಹಿಡಿದಿದ್ದ ಲಖ್ದರ್‌ಗೆ ಗಾಬರಿಯಾಯಿತು. ಬೂಜಿಯಾನ್ ಕೆಳಗಿಳಿದು ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಮೇಲೆಳೆದುಕೊಂಡಾಗ ಅವನ ಹತ್ತಿರ ಕಲ್ಲಿದ್ದಲಿನ ಚೀಲವಿರಲಿಲ್ಲ.

"ಏನೋ, ಖಾಲಿ ಕೈಲಿ ಬಂದೆ? ಕೆಳಗೆ ಜಿನ್ನು ಓಡಿಸ್ತಾ?"

ಬೂಜಿಯಾನ್ ನಗಲಿಲ್ಲ. "ಹಳೇ ಸುರಂಗಕ್ಕೆ ತೂತು ಬಿತ್ತು ಕಣೋ. ಕಂಪನಿಯವ್ರು ಗೋಡೆ ಕಟ್ಟಿದ್ರಲ್ಲ, ಅದ್ರ ಒಳಗಡೆ. ನಮ್ಮಪ್ಪ ಅಲ್ಲಿದಾನೆ."

ತಿಲ್ಮಾಸ್ ಊರಿಗೆ ಕಲ್ಲಿದ್ದಲು ಹುಡುಕಿಕೊಂಡು ಮೊದಲು ಬಂದವನು ಬೂಜಿಯಾನ್‌ನ ಅಜ್ಜ ಹದ್ದೂ. ಬೆಟ್ಟದಿಂದ ಬರಿಗಾಲಲ್ಲಿ ಇಳಿದು ಬಂದವನು, ಇಪ್ಪತ್ತು ವರ್ಷ ದುಡಿದು, ಎದೆ ತುಂಬ ಧೂಳು ತುಂಬಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ಸತ್ತ. ಅವನ ಮಗ ಮಿಮೂನ್ ಅದೇ ಗಣಿಗೆ ಇಳಿದ. ಒಂದು ಬೆಳಿಗ್ಗೆ ಏಳೂಕಾಲಿಗೆ ಸೈರನ್ ಕೂಗಿದಾಗ ಅವನ ಹೆಂಡತಿ ಯಮ್ನಾ ನಾಲ್ಕು ವರ್ಷದ ಬೂಜಿಯಾನ್‌ನ ತಲೆ ಬಾಚುತ್ತಿದ್ದಳು. ಸುರಂಗ ಕುಸಿದು ಮೂವರು ಒಳಗೆ ಸಿಕ್ಕಿಕೊಂಡಿದ್ದರು. ಎರಡು ದಿನ ಊರ ಹೆಂಗಸರು ನೆಲಕ್ಕೆ ಕಿವಿಯಿಟ್ಟು ಮಲಗಿದರು. ಟಕ್ ಟಕ್ ಎಂದು ಬಡಿಯುವ ಸದ್ದು ಯಮ್ನಾಳಿಗೆ ಸ್ಪಷ್ಟವಾಗಿ ಕೇಳಿತು. "ಅದು ಚಾವಣಿಗೆ ಆನಿಸಿದ ಮರದ ಕಂಬ ಕುಸಿಯೋ ಸದ್ದಮ್ಮ, ಮನುಷ್ಯರದ್ದಲ್ಲ" ಎಂದ ಇಂಜಿನಿಯರ್. ಮೂರನೆಯ ದಿನ, ಒಳಗಿನ ಅನಿಲಕ್ಕೆ ಬೆಂಕಿ ಹತ್ತಿ ಹರಡೀತೆಂದು ಸುರಂಗಕ್ಕೆ ಅಡ್ಡ ಗೋಡೆ ಕಟ್ಟಿಸಿದರು.

ಅಂದಿನಿಂದ ಯಮ್ನಾ ನೆಲದ ಮೇಲೆ ಮಲಗಲಿಲ್ಲ. ಹಣ್ಣಿನ ಪೆಟ್ಟಿಗೆಗಳನ್ನು ಜೋಡಿಸಿ ಮಂಚ ಮಾಡಿಕೊಂಡಳು. ಅವಳ ಬಾಗಿಲನ್ನು ಯಾರೂ ಬಡಿಯುವಂತಿರಲಿಲ್ಲ. ಹೊರಗೆ ನಿಂತು ಹೆಸರು ಹಿಡಿದು ಕೂಗಬೇಕಿತ್ತು. ಗಣಿಯವರ ಬಟ್ಟೆ ಒಗೆದು ಮಗನನ್ನು ಸಾಕಿದಳು. ಕೊನೆಗೆ ಗಣಿಯೇ ಮುಚ್ಚಿದಾಗ ಊರೆಲ್ಲ ಅತ್ತರೆ ಅವಳು ಮನೆಮನೆಗೆ ಖರ್ಜೂರ ಹಂಚಿ ಬೈಸಿಕೊಂಡಳು. ಬೇರೆ ಕೆಲಸ ಸಿಗದೆ ಎಂಟೇ ತಿಂಗಳಿಗೆ ಬೂಜಿಯಾನ್ ಲಖ್ದರ್‌ನ ಜೊತೆ ಸೇರಿ ಗುಡ್ಡದಲ್ಲಿ ತನ್ನದೇ ಗುಂಡಿ ತೋಡಿದ. ಯಮ್ನಾ ಒಂದು ವರ್ಷ ಅವನ ಜೊತೆ ಮಾತಾಡಲಿಲ್ಲ. ಆದರೆ ಬೆಳಿಗ್ಗೆ ಬುತ್ತಿ ಕಟ್ಟುವುದನ್ನು ತಪ್ಪಿಸಲಿಲ್ಲ.

"ಅವ್ವಾ!" ಬೂಜಿಯಾನ್ ಹೊರಗಿನಿಂದ ಕೂಗಿದ. ನಡುಹಗಲಲ್ಲಿ ಮಗನ ದನಿ ಕೇಳಿ ಯಮ್ನಾ ಹಿಟ್ಟಿನ ಕೈಯಲ್ಲೇ ಹೊರಬಂದಳು.

ಅವನು ಹೇಳಿದ. ಅವಳು ಹೊಸ್ತಿಲ ಮೇಲೆ ಕುಳಿತಳು.

"ಮೂವರೂ ಒಂದೇ ಬಂಡೆ ಕೆಳಗಿದಾರೆ ಅವ್ವ. ಚಾವಣಿ ಬಿದ್ದ ಏಟಿಗೇ ಹೋಗಿಬಿಟ್ಟಿದಾರೆ. ನೀನು ಅಂದ್ಕೊಂಡಿದ್ಯಲ್ಲ, ಹಂಗೇನೂ ಆಗಿಲ್ಲ. ಬಡಿದಿದ್ದು ಮರಾನೇ."

"ನಿಜ ಹೇಳು."

"ನಿನ್ನಾಣೆ ಅವ್ವ. ಅಪ್ಪಂಗೆ ಗೊತ್ತೂ ಆಗಿರಲ್ಲ." ಅವನು ಅಳುತ್ತಿದ್ದರೂ ಮುಖದಿಂದ ಎಷ್ಟೋ ವರ್ಷಗಳ ಭಾರ ಇಳಿದಂತಿತ್ತು. ಆಮೇಲೆ ಅಂಗಿಯೊಳಗಿನಿಂದ ಒಂದು ಬಟ್ಟೆ ತೆಗೆದು ಅವಳ ಮಡಿಲಲ್ಲಿಟ್ಟ. "ಪಕ್ಕದಲ್ಲಿ ಒಂದು ಕಂಬದ ಸಂದೀಲಿತ್ತು. ನಿನ್ನ ಗುರುತು ಇದೆ ನೋಡು."

ಮೂಲೆಯಲ್ಲಿ ಕೆಂಪು ಉಣ್ಣೆಯ ಎರಡು ಹೊಲಿಗೆ. ಮಿಮೂನ್‌ಗೆ ರೊಟ್ಟಿ ಕಟ್ಟಿಕೊಡುತ್ತಿದ್ದ ಬಟ್ಟೆ.

ಆ ಬೆಳಿಗ್ಗೆಯೂ ಅವಳು ಎರಡು ಗಂಟು ಬಿಗಿದು ಕೊಟ್ಟಿದ್ದಳು. ಸೈರನ್ ಕೂಗಿದ್ದು ಏಳೂಕಾಲಿಗೆ. ಗಣಿಯಲ್ಲಿ ರೊಟ್ಟಿಯ ಹೊತ್ತು ಹತ್ತು ಗಂಟೆ. ಅದಕ್ಕೂ ಮೊದಲು ಗಂಟು ಬಿಚ್ಚಿದವನಲ್ಲ ಮಿಮೂನ್. ಉಂಡ ಮೇಲೆ ಬಟ್ಟೆ ಕೊಡವಿ, ನಾಲ್ಕು ಮಡಿಕೆ ಮಾಡಿ ಇಡುವುದು ಅವನ ಅಭ್ಯಾಸ. ಯಮ್ನಾಳ ಮಡಿಲಲ್ಲಿದ್ದ ಬಟ್ಟೆಗೆ ಗಂಟಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆಯಾಗಿ ಮಡಿಸಿತ್ತು.

ಅವಳು ಬಹಳ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡಿದ್ದಳು.

"ಅವ್ವಾ? ಏನಾಯ್ತು?"

ಯಮ್ನಾ ಮಗನ ಮುಖ ನೋಡಿದಳು. "ಏನಿಲ್ಲ ಮಗ. ತಕ್ಷಣ ಹೋಗಿದಾನಲ್ಲ, ಅಷ್ಟು ಸಾಕು," ಎಂದು ಬಟ್ಟೆಯನ್ನು ಬಿಚ್ಚದೆ ಎದೆಯೊಳಗೆ ಸೇರಿಸಿಕೊಂಡಳು.

ಎಲುಬುಗಳನ್ನು ಮೇಲೆ ತರಲು ನಾಲ್ಕು ದಿನ ಹಿಡಿಯಿತು. ಶುಕ್ರವಾರ ಊರೆಲ್ಲ ಸೇರಿ ಮೂವರನ್ನೂ ಮಣ್ಣು ಮಾಡಿದರು. ಸಮಾಧಾನ ಹೇಳಲು ಬಂದ ಉಳಿದಿಬ್ಬರ ಮನೆಯವರಿಗೂ ಯಮ್ನಾ ಅದನ್ನೇ ಹೇಳಿದಳು: "ಗೊತ್ತೂ ಆಗಿರ್ಲಿಲ್ವಂತೆ."

ಮರುದಿನ ಗುಂಡಿ ಮುಚ್ಚಿದರು. ಯಮ್ನಾಳೂ ಸೆರಗಿನಲ್ಲಿ ಕಲ್ಲು ತಂದು ಸುರಿದಳು.

"ಚಿಕ್ಕವ್ವ, ಇನ್ಮೇಲೆ ನಿಮಗೆ ನಿದ್ದೆ ಹತ್ತುತ್ತೆ ಬಿಡಿ," ಎಂದ ಲಖ್ದರ್.

"ಹತ್ತುತ್ತೆ ಕಣಪ್ಪ."

ಬೂಜಿಯಾನ್ ರಾಟೆಯನ್ನೂ ಹಗ್ಗವನ್ನೂ ಕತ್ತೆಯ ಮೇಲೆ ಹೇರಿದ. ಅವ್ವ ಈಗ ಸಾಕು ನಿಲ್ಲಿಸು ಅನ್ನುತ್ತಾಳೆ ಎಂದು ಅವನು ಕಾಯುತ್ತಿದ್ದ.

"ಮುಂದೆ ಎಲ್ಲಿ?" ಎಂದಳು.

"ಆ ಇಳಿಜಾರಲ್ಲಿ, ಪೈನ್ ಮರ ಇದಾವಲ್ಲ ಅಲ್ಲಿ."

"ಅಲ್ಲಿ ಕೆಳಗಡೆ ಯಾರೂ ಇಲ್ಲ ತಾನೆ?"

"ಯಾರೂ ಇಲ್ಲ ಅವ್ವ."

ಅವನು ಕತ್ತೆ ಹೊಡೆದುಕೊಂಡು ಹೊರಟ. ಗಾಳಿಗೆ ಕರಿ ಧೂಳೆದ್ದು ದಾರಿ ಮಸುಕಾಗುತ್ತಿತ್ತು. ಯಮ್ನಾ ನೀರಿನ ಡಬ್ಬ ಎತ್ತಿಕೊಂಡು ಹಿಂದೆಯೇ ನಡೆದಳು, ಮಗನ ಪಾದ ಮೂಡಿಸಿದ ಗುರುತಿನಲ್ಲೇ ತನ್ನ ಪಾದ ಊರುತ್ತ, ಮೆಲ್ಲಗೆ, ಸದ್ದಾಗದಂತೆ.