ಸರೋವರದ ಊರಿಗೆ ಹೋದ ಕತ್ತರಿ

ನಾನು ದ್ರಾಕ್ಷಿ ಬಳ್ಳಿ ಕತ್ತರಿಸುವ ಒಂದು ಕತ್ತರಿ. ಜಮಖಂಡಿಯ ಕಮ್ಮಾರನೊಬ್ಬ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು ನನ್ನನ್ನು ಮಾಡಿದ. ನನ್ನನ್ನು ಕೊಂಡವನು ತಿಕೋಟಾದ ಸಿದರಾಯ. ಅವನೂ ಅವನ ಅಕ್ಕ ಕಾಶವ್ವನೂ ಕಂಡವರ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮಾಡುತ್ತಿದ್ದರು. ಬೇಡದ ಬಳ್ಳಿ ಕತ್ತರಿಸುವುದನ್ನು ಅಲ್ಲಿ ಹಾಗೆನ್ನುತ್ತಾರೆ.

ಒಂದು ವರ್ಷ ಸಿದರಾಯ ಪಂಜಾಬಿ ಗೆಳೆಯರ ಜೊತೆ ಕೆನಡಾದ ದ್ರಾಕ್ಷಿ ಕಣಿವೆಗೆ ಕೂಲಿಗೆ ಹೊರಟ.

"ಅಲ್ಲಿ ಅವರವ ಕತ್ತರಿ ಇರ್ತಾವಕ್ಕಾ. ಇದು ನಿನ್ನ ಕೈಗೆ ಹೊಂದತೈತಿ, ಇಟಗೊ" ಎಂದು ನನ್ನನ್ನು ಅಕ್ಕನಿಗೆ ಕೊಟ್ಟ.

ಆರು ವರ್ಷಗಳ ಮೇಲೆ ಅವರ ತಾಯಿ ತೀರಿಕೊಂಡಳು. ಸಿದರಾಯ ಮಣ್ಣಿಗೆ ಬರಲಿಲ್ಲ. ಮೂರನೆಯ ದಿನ ಅವನ ಫೋನು ಬಂತು. ನಾನು ತೂಗುತ್ತಿದ್ದ ಮೊಳೆಯ ಕೆಳಗೇ ಅದು ಬಹಳ ಹೊತ್ತು ರಿಂಗಾಯಿತು. ಕಾಶವ್ವ ಎತ್ತಲಿಲ್ಲ. ಆಮೇಲೆಯೂ ಎತ್ತಲಿಲ್ಲ. ಅವನು ಕರೆಯುವುದನ್ನೇ ಬಿಟ್ಟ. ಹೀಗೆ ಒಂಬತ್ತು ವರ್ಷ ಕಳೆದವು.

ನಂತರ ಸಿದರಾಯ ಅಲ್ಲಿ ಮದುವೆಯಾಗಿದ್ದ ಐರಿನ್ ಬರೆದ ಪತ್ರ ಬಂತು. ಶಾಲೆಯ ಮಾಸ್ತರರು ಓದಿ ಹೇಳಿದರು: ಅವನಿಗೆ ಶ್ವಾಸಕೋಶದ ಕ್ಯಾನ್ಸರ್, ಅಕ್ಕನನ್ನು ನೋಡಬೇಕೆನ್ನುತ್ತಾನೆ. ಪಾಸ್‌ಪೋರ್ಟು, ವೀಸಾಗಳನ್ನು ಮಾಸ್ತರರೇ ಮಾಡಿಸಿದರು, ಟಿಕೆಟ್ಟನ್ನು ಐರಿನ್ ಕಳಿಸಿದಳು. ಕಾಶವ್ವ ಎರಡು ಸೀರೆಗಳ ನಡುವೆ ನನ್ನನ್ನು ಸುತ್ತಿ ಪೆಟ್ಟಿಗೆಗೆ ಹಾಕಿದಳು.

ಅವನಿದ್ದ ಕೆಲೋನಾ ಎಂಬ ಊರು ಉದ್ದನೆಯ ಸರೋವರದ ದಂಡೆಯಲ್ಲಿತ್ತು. ಸುತ್ತಲ ಗುಡ್ಡಗಳ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿಗಳು ಹಿಮದೊಳಗೆ ಬೋಳಾಗಿ ನಿಂತಿದ್ದವು. ಸಿದರಾಯ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು:

"ಅವ್ವ ಹೋದಾಗ ಯಾಕ ಬರಲಿಲ್ಲೋ?"

"ಇಲ್ಲಿ ಇರಾಕ ಇನ್ನೂ ಕಾಗದ ಆಗಿರಲಿಲ್ಲಕ್ಕಾ. ಬಂದಿದ್ರ ತಿರುಗಿ ಒಳಗ ಬಿಡ್ತಿರಲಿಲ್ಲ. ಐರಿನ್ ಆಗ ಬಸುರಿ ಇದ್ದಳು. ಆ ಕೂಸೂ ಉಳೀಲಿಲ್ಲ."

"ನನಗ ಒಂದ್ ಮಾತು ಹೇಳಬೇಕಿಲ್ಲೇನು?"

"ಹೇಳಾಕಂತನ ಫೋನ್ ಮಾಡಿದ್ದೆ."

ಕಾಶವ್ವ ನೆಲದ ಮೇಲೆ ಕೂತು ಅವನ ಪಾದ ಹಿಡಿದುಕೊಂಡಳು. ಐರಿನ್‌ಗೆ ಮಾತು ತಿಳಿಯಲಿಲ್ಲ. ಆದರೂ ಅವಳು ಸದ್ದಿಲ್ಲದೆ ಹೊರಗೆ ಹೋದಳು.

ಮನೆಯ ಹಿಂದೆ ಸಿದರಾಯ ತಾನೇ ನೆಟ್ಟ ಒಂದು ಸಾಲು ದ್ರಾಕ್ಷಿ ಇತ್ತು. ಆ ವರ್ಷ ಅದನ್ನು ಯಾರೂ ಕತ್ತರಿಸಿರಲಿಲ್ಲ. ಮರುದಿನ ಕಾಶವ್ವ ಸೀರೆಯ ಮೇಲೆ ಐರಿನ್‌ಳ ಕೋಟು ತೊಟ್ಟು, ನನ್ನನ್ನು ಹಿಡಿದು ಹಿಮಕ್ಕಿಳಿದಳು. ಸಿದರಾಯ ಗಾಲಿಕುರ್ಚಿಯಲ್ಲಿ ಪಕ್ಕದಲ್ಲಿದ್ದ.

"ಎರಡ ಕಣ್ಣ ಬಿಡಕ್ಕಾ." ಬಳ್ಳಿಯಲ್ಲಿ ಚಿಗುರೊಡೆಯುವ ಮೊಗ್ಗಿಗೆ ನಮ್ಮ ಕಡೆ ಕಣ್ಣೆನ್ನುತ್ತಾರೆ.

"ನಿನಗ ಕಲಿಸಿದಾಕಿ ನಾನ. ಸುಮ್ಮ ಕೂಡು."

ಅವನು ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಸಾಲು ಮುಗಿಯಲು ನಾಲ್ಕು ದಿನ ಹಿಡಿಯಿತು. ಅಕ್ಕ ಬಂದ ಎಂಟನೆಯ ದಿನ ಬೆಳಗ್ಗೆ ಅವನು ಹೋದ.

ಕಾಶವ್ವ ಊರಿಗೆ ಮರಳುವಾಗ ನನ್ನನ್ನು ಐರಿನ್‌ಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಿಚಿದಳು. ಹನ್ನೆರಡು ಚಳಿಗಾಲ ಐರಿನ್ ಆ ಸಾಲನ್ನು ನನ್ನಿಂದಲೇ ಕತ್ತರಿಸಿದಳು.

ಈಗ ನನ್ನ ಬಾಯಿ ಕೂಡುವುದಿಲ್ಲ. ಸಾಮಾನಿನ ಕೋಣೆಯ ಕಪಾಟಿನಲ್ಲಿ ಮಲಗಿದ್ದೇನೆ. ನನ್ನ ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗದಲ್ಲೊಂದು ತಗ್ಗು ಬಿದ್ದಿದೆ. ಅದರಲ್ಲಿ ತಮ್ಮ ಸವೆಸಿದ್ದೆಷ್ಟು, ಅಕ್ಕ ಸವೆಸಿದ್ದೆಷ್ಟು, ಐರಿನ್ ಸವೆಸಿದ್ದೆಷ್ಟು ಎಂದು ಬೇರೆ ಮಾಡಿ ಹೇಳಲು ನನಗೂ ಆಗುವುದಿಲ್ಲ.